ನಿಧಿ, ನಿಕ್ಷೇಪ, ಲೋಹಶೋಧಕ: ಕಲ್ಯಾಣದ ನೆಲದ ನಾಣ್ಯಗಳ ಕುರಿತು

ನಮ್ಮ ದಾನಶಾಸನಗಳಲ್ಲಿ, ವಿಶೇಷವಾಗಿ ವಿಜಯನಗರ ಕಾಲದ ತಾಮ್ರಪಟಗಳಲ್ಲಿ, ಭೂಮಿಯನ್ನು ದಾನ ಕೊಡುವಾಗ ಅದರೊಡನೆ ಎಂಟು ಬಗೆಯ ಭೋಗಗಳನ್ನೂ ಕೊಟ್ಟುದಾಗಿ ಹೇಳುವ ವಾಡಿಕೆಯಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬುದು ಆ ಪಟ್ಟಿ. ಅಷ್ಟಭೋಗ ತೇಜಸ್ವಾಮ್ಯವೆಂದು ಅದಕ್ಕೆ ಹೆಸರು. ಶಾಸನಪಾಠವನ್ನು ಓದುವ ವಿದ್ಯಾರ್ಥಿ ಇದನ್ನು ರೂಢಿಯ ಮಾತೆಂದು ಬಗೆದು ಕಣ್ಣು ಹಾಯಿಸಿ ಮುಂದೆ ಹೋಗುತ್ತಾನೆ. ಆತನ ಗಮನವೆಲ್ಲ ರಾಜನ ಬಿರುದಾವಳಿಯ ಮೇಲೆ, ಇಲ್ಲವೆ ತಿಥಿವಾರಗಳ ಲೆಕ್ಕದ ಮೇಲೆ. ಆದರೆ ಈ ಎಂಟರಲ್ಲಿ ಮೊದಲೆರಡು ಸ್ಥಾನಗಳು ನೀರಿಗೂ ಕಲ್ಲಿಗೂ ದೊರೆಯದೆ ನೆಲದಲ್ಲಿ ಹುಗಿದ ಹೊನ್ನಿಗೆ ದೊರೆತಿವೆ ಎಂಬುದನ್ನು ಒಮ್ಮೆ ನಿಂತು ಯೋಚಿಸಬೇಕು. ಒಡೆಯನಾರೆಂದು ಮರೆತುಹೋದ ಹುಗಿತ ನಿಧಿ. ಇಟ್ಟವರು ಇನ್ನೂ ಗೊತ್ತಿರುವ ಇಡುಗಂಟು ನಿಕ್ಷೇಪ. ಭೂಮಿಯ ಮೇಲ್ಮೈಗೆ ಒಂದು ಹಕ್ಕು, ಅದರ ಒಡಲಿಗೆ ಇನ್ನೊಂದು ಹಕ್ಕು ಎಂಬ ತಿಳಿವಳಿಕೆ ನಮ್ಮವರಿಗೆ ಸ್ಪಷ್ಟವಾಗಿತ್ತು.

ಈ ಹಳೆಯ ಪದಗಳನ್ನು ಈಗ ನೆನೆಯಲು ಕಾರಣವಾದದ್ದು ಒಂದು ಯಂತ್ರ. ಮೆಟಲ್ ಡಿಟೆಕ್ಟರ್, ಅಂದರೆ ಲೋಹಶೋಧಕ, ಬಹುಕಾಲ ನಮ್ಮ ಜನ ವಿಮಾನ ನಿಲ್ದಾಣದ ಬಾಗಿಲಲ್ಲೋ ಮಂತ್ರಿಗಳ ಸಭೆಯ ದ್ವಾರದಲ್ಲೋ ಮಾತ್ರ ಕಂಡಿದ್ದ ಸಾಧನ. ಈಗ ಅದು ಅಂತರ್ಜಾಲದ ಅಂಗಡಿಗಳಲ್ಲಿ ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುತ್ತದೆ. ಯಾರು ಬೇಕಾದರೂ ತರಿಸಿಕೊಳ್ಳಬಹುದು. ನೆಲದಡಿಯ ಚಿನ್ನ ತೋರಿಸುತ್ತೇವೆಂದು ಹೇಳುವ ವಿಡಿಯೋಗಳಿಗೂ ಬರವಿಲ್ಲ. ಹೊಲದಲ್ಲಿ ಹಳೆಯ ನಾಣ್ಯ ಹುಡುಕುವುದು ಇಂಗ್ಲೆಂಡಿನಂಥ ದೇಶಗಳಲ್ಲಿ ಭಾನುವಾರದ ಹವ್ಯಾಸ. ನಮ್ಮಲ್ಲಿ ಅದಕ್ಕೆ ಬೇರೆಯೇ ಅರ್ಥ, ಬೇರೆಯೇ ಅಪಾಯ. ಆ ಅಪಾಯವನ್ನು ಮೊದಲು ಯೋಚಿಸಬೇಕಾದ ಸ್ಥಳಗಳಲ್ಲಿ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆ ಒಂದು ಎಂಬುದು ನನ್ನ ಅಭಿಪ್ರಾಯ.

ಕಾರಣ ಈ ನೆಲದ ಪದರಗಳಲ್ಲಿದೆ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ ತಂದನು. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಐವತ್ತು ವರ್ಷ ಇಲ್ಲಿಂದಲೇ ಆಳಿದನು. ತನ್ನ ಹೆಸರಿನ ಶಕೆಯನ್ನೇ ನಡೆಸಿದನು. ಆಮೇಲೆ ಕಳಚೂರಿ ಬಿಜ್ಜಳ, ಬಸವಣ್ಣನವರ ಕಾಲ, ಶರಣರ ಚದುರುವಿಕೆ. ನಂತರ ದೇವಗಿರಿಯ ಸೇವುಣರು, ದಿಲ್ಲಿಯ ಸೇನೆಗಳು, 1347ರಿಂದ ಬಹಮನಿಗಳು, ಬಳಿಕ ಬರೀದಶಾಹಿ ಮತ್ತು ಆದಿಲಶಾಹಿ. 1657ರಲ್ಲಿ ಔರಂಗಜೇಬನು ಬೀದರನ್ನೂ ಕಲ್ಯಾಣಿಯನ್ನೂ ಮುತ್ತಿ ಹಿಡಿದನು. ಮುಂದೆ ನಿಜಾಮನ ಆಡಳಿತ, ಕಲ್ಯಾಣಿಯ ನವಾಬರು, 1948, 1956. ಇಷ್ಟೂ ಕಾಲ ಜನ ಇಲ್ಲಿ ಕೊಂಡರು, ಮಾರಿದರು, ಸುಂಕ ತೆತ್ತರು, ಕೈಯಿಂದ ಕಾಸು ಬೀಳಿಸಿಕೊಂಡರು. ದಂಡು ಬಂದಾಗ ಗಡಿಗೆಯಲ್ಲಿ ತುಂಬಿ ಹುಗಿದರು. ಹುಗಿದವರೆಲ್ಲ ತಿರುಗಿ ಬರಲಿಲ್ಲ. ಬಹಮನಿ ಕಾಲದ ತಾಮ್ರದ ಕಾಸೂ ಹೈದರಾಬಾದಿನ ಹಾಲಿ ಸಿಕ್ಕಾವೂ ಒಂದೇ ತೊಗರಿ ಹೊಲದ ಎರಡು ಸಾಲುಗಳಲ್ಲಿ ಎದ್ದು ಬರಬಹುದಾದ ಸೀಮೆ ಇದು.

ಹುಮನಾಬಾದಿನ ಬಳಿಯ ಜಲಸಂಗಿಯ ಗುಡಿಯನ್ನು ನೋಡಿದವರಿಗೆ ಅಲ್ಲಿಯ ಶಿಲಾಬಾಲಿಕೆ ನೆನಪಿರುತ್ತಾಳೆ. ಮೈಯನ್ನು ಬಳುಕಿಸಿ ನಿಂತು, ಕೈಯೆತ್ತಿ, ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿರುವ ಹೆಣ್ಣು. ಅವಳು ಬರೆಯುತ್ತಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಪದ್ಯ. ಕನ್ನಡ ನಾಡಿನ ಶಿಲ್ಪದಲ್ಲಿ ಕನ್ನಡಿ ಹಿಡಿದ ಹೆಣ್ಣುಗಳು, ಮದ್ದಳೆ ಬಾರಿಸುವ ಹೆಣ್ಣುಗಳು ಬೇಕಾದಷ್ಟು ಸಿಗುತ್ತಾರೆ. ಶಾಸನ ಬರೆಯುವವಳು ಅಪರೂಪ. ಅಕ್ಷರವೇ ಈ ಸೀಮೆಯ ನಿಜವಾದ ಬೆಲೆಬಾಳುವ ವಸ್ತು ಎಂದು ಶಿಲ್ಪಿ ಸೂಚಿಸಿದಂತಿದೆ. ಆದರೆ ಆ ಅಕ್ಷರದ ವಿಷಯದಲ್ಲಿ ಊರಿನ ಜನರ ಎಣಿಕೆ ಬೇರೆ. ಶಾಸನದ ಮೇಲೆ ಕಾಗದ ಹರಡಿ ಅಚ್ಚು ತೆಗೆಯಲು ಕುಳಿತ ಯಾವ ಸಂಶೋಧಕನಾದರೂ ಈ ಕಡೆ ಕೇಳಿಸಿಕೊಂಡಿರುವ ಪ್ರಶ್ನೆ ಒಂದೇ: "ಏನ್ ಬರ್ದದ್ರೀ ಇದ್ರಾಗ? ನಿಧಿ ಎಲ್ಲಿ ಅದ ಅಂತ ಬರ್ದದೇನ್ರೀ?" ಇಲ್ಲವೆಂದರೆ ನಂಬುವುದಿಲ್ಲ. ಓದು ಬಂದವನು ನಿಜ ಹೇಳಲಾರನೆಂಬ ಗುಮಾನಿ ಅವರ ಕಣ್ಣಿನಲ್ಲಿರುತ್ತದೆ.

ಈ ಗುಮಾನಿಗೆ ಕಲ್ಯಾಣದಲ್ಲಿ ಪುರಾಣದ ಬೆಂಬಲವೂ ಇದೆ. ಬಿಜ್ಜಳನ ಆಸ್ಥಾನದಲ್ಲಿ ಯಾರಿಗೂ ಓದಲಾಗದ ಲಿಪಿಯೊಂದನ್ನು ಬಸವಣ್ಣನವರು ಓದಿ, ಸಿಂಹಾಸನದ ಅಡಿಯಲ್ಲಿ ಹುಗಿದಿದ್ದ ನಿಧಿಯನ್ನು ತೋರಿಸಿಕೊಟ್ಟರೆಂಬ ಕಥೆ ಜನಜನಿತವಾದುದು. ಇದು ಚರಿತ್ರೆಯೇ ಎಂದು ಕೇಳುವುದು ಇಲ್ಲಿ ಅನವಶ್ಯಕ. ಕಥೆಯ ಒತ್ತು ಎಲ್ಲಿದೆಯೆಂಬುದು ಗಮನಾರ್ಹ. ಹಾರೆ ಹಿಡಿದವನಿಗೆ ಕಥೆಯಲ್ಲಿ ಹೆಸರಿಲ್ಲ, ಓದಿದವನಿಗೆ ಹೆಸರಿದೆ. ಅಷ್ಟೇ ಅಲ್ಲ, ಓದಿದವನು ತಾನು ಕಂಡದ್ದನ್ನು ಅರಸನ ಮುಂದೆ, ತುಂಬಿದ ಸಭೆಯಲ್ಲಿ ಹೇಳಿದನು. ಗುಟ್ಟಾಗಿ ರಾತ್ರಿ ಬಂದು ಅಗೆಯಲಿಲ್ಲ. ಇಂದಿನ ನಿಧಿಶೋಧಕರು ಈ ಕಥೆಯ ಅರ್ಧವನ್ನು ಮಾತ್ರ ಕೇಳಿಸಿಕೊಂಡಂತಿದೆ.

ನಿಧಿಗಳ್ಳರ ಹಾವಳಿ ಕರ್ನಾಟಕದಲ್ಲಿ ಏನು ಮಾಡಿದೆಯೆಂಬುದನ್ನು ವಿವರಿಸುವ ಅಗತ್ಯ ಈ ಓದುಗರಿಗಿಲ್ಲ. ವೀರಗಲ್ಲುಗಳನ್ನು ಬುಡಮೇಲು ಮಾಡಿದ್ದಾರೆ. ಪಾಳುಬಿದ್ದ ಗುಡಿಗಳಲ್ಲಿ ಲಿಂಗದ ಪಾಣಿಪೀಠಗಳನ್ನು ಕಿತ್ತಿದ್ದಾರೆ. ಬಸದಿಗಳಲ್ಲಿ ತೀರ್ಥಂಕರ ಬಿಂಬಗಳ ಪೀಠಗಳನ್ನು ಒಡೆದಿದ್ದಾರೆ. ಆ ಪೀಠಗಳ ಮೇಲೆಯೇ ಹೆಚ್ಚಾಗಿ ಬಿಂಬ ಮಾಡಿಸಿದ ಶ್ರಾವಕ ಶ್ರಾವಕಿಯರ ಹೆಸರು, ಗಣ, ಗಚ್ಛ, ಆಚಾರ್ಯ ಪರಂಪರೆ ಇರುವುದರಿಂದ ಒಂದು ಏಟಿಗೆ ಒಂದು ಊರಿನ ಜೈನ ಚರಿತ್ರೆಯೇ ಪುಡಿಯಾಗುತ್ತದೆ. 2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜ ತೀರ್ಥರ ಬೃಂದಾವನವನ್ನು ಕೆಡವಿದ ಸುದ್ದಿ ನಾಡನ್ನೇ ನಡುಗಿಸಿತು. ಅದೂ ನಿಧಿಯಾಸೆಯ ಕೆಲಸವೇ. ಎಲ್ಲವನ್ನೂ ತ್ಯಜಿಸಿದ ಯತಿಯ ಸಮಾಧಿಯ ಕೆಳಗೆ ಹೊನ್ನಿದ್ದೀತೆಂದು ನಂಬುವ ಬುದ್ಧಿಗೆ ಏನೆನ್ನಬೇಕೋ ತಿಳಿಯದು.

ಯಂತ್ರ ಬಂದರೆ ಈ ಮೌಢ್ಯ ತಗ್ಗೀತೆಂದು ಕೆಲವರು ಭಾವಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಹಿಂದೆ ಬೆರಳಿನ ಉಗುರಿಗೋ ವೀಳ್ಯದೆಲೆಗೋ ಅಂಜನ ಹಚ್ಚಿ, ಅದರಲ್ಲಿ ಕೊಪ್ಪರಿಗೆ ಕಂಡಿತೆಂದು ಹೇಳುವವರಿದ್ದರು. ಲೋಹಶೋಧಕ ಆ ಅಂಜನದ ಜಾಗಕ್ಕೆ ಬಂದು ಕುಳಿತಿದೆ. ಪತ್ರಿಕೆಗಳಲ್ಲಿ ವರದಿಯಾಗುವ ಪ್ರಕರಣಗಳಲ್ಲಿ ಯಂತ್ರವೂ ಕುಂಕುಮ ನಿಂಬೆಹಣ್ಣುಗಳೂ ಒಂದೇ ವಾಹನದಲ್ಲಿ ಸಿಗುವುದನ್ನು ಓದುತ್ತೇವೆ. ಅಮಾವಾಸ್ಯೆಯ ಪೂಜೆ ಮುಗಿಸಿ ಯಂತ್ರ ಹಚ್ಚುವವನಿಗೆ ಎರಡರ ನಡುವೆ ವಿರೋಧವೇನೂ ಕಾಣುವುದಿಲ್ಲ.

ಯಂತ್ರದ ಕಾರ್ಯವಿಧಾನವನ್ನು ತಿಳಿದರೆ ಈ ಹೋಲಿಕೆ ಇನ್ನೂ ಸರಿಯೆನಿಸುತ್ತದೆ. ಕೋಲಿನ ತುದಿಯ ತಂತಿಸುರುಳಿ ಬದಲಾಗುತ್ತಿರುವ ಕಾಂತಕ್ಷೇತ್ರವೊಂದನ್ನು ನೆಲದೊಳಗೆ ಕಳಿಸುತ್ತದೆ. ಲೋಹವಿದ್ದರೆ ಅದರಲ್ಲಿ ಸುಳಿವಿದ್ಯುತ್ತು ಹುಟ್ಟಿ ಪ್ರತಿಕ್ಷೇತ್ರ ಹಿಂದಿರುಗುತ್ತದೆ. ಅದನ್ನು ಹಿಡಿದು ಯಂತ್ರ ಕೂಗುತ್ತದೆ. ಬಿಡಿ ನಾಣ್ಯವಾದರೆ ಸಾಮಾನ್ಯವಾಗಿ ಒಂದು ಗೇಣಿನ ಆಳದವರೆಗೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಏಳಾಳು ಆಳದ ಕೊಪ್ಪರಿಗೆಯೆಂಬುದು ಮಾರುವವರ ಮಾತು. ಬೀದರ್ ಪ್ರಸ್ಥಭೂಮಿಯ ಜಂಬಿಟ್ಟಿಗೆಯ ನೆಲದಲ್ಲಿ ಕಬ್ಬಿಣದ ಅಂಶ ವಿಪರೀತ. ಮಣ್ಣೇ ಯಂತ್ರವನ್ನು ಕೂಗಿಸುತ್ತದೆ. ಹೊಂದಾಣಿಕೆ ತಿಳಿಯದವನ ಕೈಯಲ್ಲಿ ಪ್ರತಿ ಹೆಜ್ಜೆಗೂ ನಿಧಿ! ಇನ್ನೊಂದು ತಮಾಷೆಯೂ ಇದೆ. ತೆಳುವಾದ, ಸಣ್ಣದಾದ ಚಿನ್ನದ ಹಣವೂ ಗುಟಕಾ ಚೀಟಿಯ ಲೋಹದ ಪದರವೂ ಹೆಚ್ಚುಕಡಿಮೆ ಒಂದೇ ಬಗೆಯ ಸಂಕೇತ ಕೊಡುತ್ತವೆ. ಕಸವನ್ನು ಕೇಳಬೇಡವೆಂದು ಯಂತ್ರಕ್ಕೆ ಕಟ್ಟುಮಾಡಿದರೆ ಚಿನ್ನವನ್ನೂ ಅದು ಕೇಳುವುದಿಲ್ಲ. ಕೇಳೆಂದರೆ ಊರಿನ ಗುಟಕಾ ಚೀಟಿ, ಬಾಟಲಿ ಮುಚ್ಚಳ, ಎತ್ತಿನ ಲಾಳ ಎಲ್ಲವನ್ನೂ ಅಗೆಯಬೇಕು. ಹುಡುಕುವವನು ಅಗೆಯುವ ನೂರು ಗುಂಡಿಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಕಸಕ್ಕಾಗಿಯೇ. ಆ ಗುಂಡಿಗಳು ಹಳೆಯ ನಿವೇಶನದ ಮೇಲೆ ಬಿದ್ದರೆ, ಮಡಕೆಚೂರಿನ ಪದರ, ಇಟ್ಟಿಗೆಯ ಸಾಲು, ಬೂದಿಯ ಗೆರೆ ಎಲ್ಲವೂ ಕಲಸಿಹೋಗುತ್ತವೆ.

ನಾಣ್ಯವೊಂದನ್ನು ಅದರ ನೆಲೆಯಿಂದ ಬೇರ್ಪಡಿಸಿದರೆ ಏನು ಹೋಗುತ್ತದೆಂಬುದನ್ನು ಕಲ್ಯಾಣದ ಉದಾಹರಣೆಯಿಂದಲೇ ಹೇಳಬಹುದು. ಚಾಲುಕ್ಯ ಕಾಲದ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ಬೇಳೆ, ವೀಸ ಎಂಬ ಹೆಸರುಗಳು ಧಾರಾಳವಾಗಿ ಬರುತ್ತವೆ. ದೇವರ ನಂದಾದೀವಿಗೆಗೆ ಇಷ್ಟು ಹಾಗ, ಎಲೆಯ ಹೇರಿಗೆ ಇಷ್ಟು ವೀಸ, ಋಷಿಯರ ಆಹಾರದಾನಕ್ಕೆ ಇಷ್ಟು ಗದ್ಯಾಣ. ಲೊಕ್ಕಿಗುಂಡಿಯ ಟಂಕಸಾಲೆಯ ಹೆಸರಿನಿಂದ ಲೊಕ್ಕಿ ಗದ್ಯಾಣವೆಂಬ ಮಾತೂ ಉಂಟು. ಆದರೆ ಯಾವ ಹೆಸರು ಯಾವ ನಾಣ್ಯದ್ದೆಂದು ಕೂಡಿಸಿ ಹೇಳುವುದು ನಾಣ್ಯಶಾಸ್ತ್ರದಲ್ಲಿ ಬಹು ಕಷ್ಟದ ಕೆಲಸ. ವಾಲ್ಟರ್ ಎಲಿಯಟ್ ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಬರೆದಾಗಿನಿಂದ ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗೆಗೆ ಗ್ರಂಥ ರಚಿಸಿದ ಕಾಲದವರೆಗೂ ಈ ತೊಡಕು ಬಿಟ್ಟಿಲ್ಲ. ಕಲ್ಯಾಣದ ಚಾಲುಕ್ಯರ ಚಿನ್ನದ ನಾಣ್ಯಗಳ ಚರ್ಚೆ ಬಂದಾಗಲೆಲ್ಲ ಕೇಳಿಬರುವ ಊರು ಕೊಡೂರು. ಅದಿರುವುದು ನೆಲ್ಲೂರು ಜಿಲ್ಲೆಯಲ್ಲಿ. ರಾಜಧಾನಿಯ ನಾಣ್ಯವನ್ನು ತಿಳಿಯಲು ಸಮುದ್ರತೀರದ ಜಿಲ್ಲೆಗೆ ಹೋಗಬೇಕಾಗಿದೆ. ರಾಜಧಾನಿಯ ಸುತ್ತಲ ಹೊಲಗಳಲ್ಲಿ ಈ ಒಂಬೈನೂರು ವರ್ಷ ಸಿಕ್ಕ ನಾಣ್ಯ ಎಲ್ಲಿ ಹೋಯಿತು? ಅದಕ್ಕೆ ಉತ್ತರ ಎಲ್ಲರಿಗೂ ಗೊತ್ತು: ಅಕ್ಕಸಾಲಿಗನ ಮೂಸೆಗೆ.

ಕರಗಿಸುವ ಚಾಳಿ ಹಳೆಯದೇ. ಬಹಮನಿ ಸುಲ್ತಾನ ಮೊದಲನೆಯ ಮುಹಮ್ಮದ್ ಶಾಹನ ಚಿನ್ನದ ನಾಣ್ಯಗಳನ್ನು ಸರಾಫರು ಕರಗಿಸಿ ವಿಜಯನಗರದ ಹೊನ್ನುಗಳೇ ಚಲಾವಣೆಯಲ್ಲಿ ಉಳಿಯುವಂತೆ ಮಾಡಿದರೆಂದೂ, ಸಿಟ್ಟಿಗೆದ್ದ ಸುಲ್ತಾನನು ಅವರನ್ನು ಕೊಲ್ಲಿಸಿದನೆಂದೂ ಫಿರಿಸ್ತಾ ಬರೆಯುತ್ತಾನೆ. ಫಿರಿಸ್ತಾ ಈ ಘಟನೆಯ ಸುಮಾರು 250 ವರ್ಷಗಳ ಮೇಲೆ ಬರೆದವನು. ಅವನ ಸಂಖ್ಯೆಗಳನ್ನೂ ಕ್ರೌರ್ಯದ ವರ್ಣನೆಗಳನ್ನೂ ಹಾಗೆಯೇ ನಂಬಬೇಕಾಗಿಲ್ಲ. ಆದರೂ ಒಂದು ನಾಡಿನ ನಾಣ್ಯ ಯಾಕೆ ಸಿಗುತ್ತಿಲ್ಲವೆಂಬ ಪ್ರಶ್ನೆಗೆ ಕುಲುಮೆಯ ಕಡೆ ಕೈತೋರಿಸಿದ ಮೊದಲಿಗರಲ್ಲಿ ಅವನೂ ಒಬ್ಬ.

ಈಗ ಕಾನೂನಿನ ಮಾತು. ಇಲ್ಲಿ ಕಲ್ಯಾಣಕ್ಕೆ ಒಂದು ವಿಶೇಷ ಗೌರವವಿದೆ. ಅದನ್ನು ಯಾರೂ ಅಷ್ಟಾಗಿ ಎತ್ತಿ ಹೇಳಿದಂತಿಲ್ಲ. ವಿಕ್ರಮಾದಿತ್ಯನ ಕಾಲದಲ್ಲಿ ಈ ನಗರವನ್ನೇ ಕೊಂಡಾಡುತ್ತ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದನು. ಆಸ್ತಿ ಹಂಚಿಕೆಯ ವಿಷಯದಲ್ಲಿ ಅದು ಇಂಗ್ಲಿಷರ ನ್ಯಾಯಾಲಯಗಳವರೆಗೂ ಪ್ರಮಾಣವಾಗಿ ನಡೆದುದು ಎಲ್ಲರಿಗೂ ತಿಳಿದಿದೆ. ಆದರೆ ಅದೇ ಗ್ರಂಥದ ವ್ಯವಹಾರಾಧ್ಯಾಯದಲ್ಲಿ ನಿಧಿಯ ವಿಚಾರವೂ ಉಂಟು. ಅರಸನಿಗೆ ನಿಧಿ ಸಿಕ್ಕರೆ ಅರ್ಧವನ್ನು ದ್ವಿಜರಿಗೆ ಕೊಡಬೇಕು. ವಿದ್ವಾಂಸನಾದ ಬ್ರಾಹ್ಮಣನಿಗೆ ಸಿಕ್ಕರೆ ಪೂರ್ತಿ ಅವನದೇ. ಸ್ಮೃತಿ ಬರೆದವರು ಯಾರೆಂದು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ. ಉಳಿದವರಿಗೆ ಸಿಕ್ಕಾಗ? ಮೂಲಶ್ಲೋಕದ ಆರನೆಯ ಒಂದು ಪಾಲು ಯಾರಿಗೆಂಬುದು ಸಂದಿಗ್ಧ. ಮೇಲುನೋಟಕ್ಕೆ ಅದು ಅರಸನ ಪಾಲೆಂದು ಓದಬಹುದು. ವಿಜ್ಞಾನೇಶ್ವರನು ವಸಿಷ್ಠನ ವಚನವನ್ನು ಆಧಾರವಾಗಿ ಹಿಡಿದು, ಆರನೆಯ ಒಂದನ್ನು ಕಂಡವನಿಗೆ ಕೊಟ್ಟು ಉಳಿದುದನ್ನು ಅರಸನು ತೆಗೆದುಕೊಳ್ಳಬೇಕೆಂದು ಅರ್ಥ ಬಿಡಿಸುತ್ತಾನೆ. ಕಂಡವನು ತಿಳಿಸದೆ ಮುಚ್ಚಿಟ್ಟು, ಅದು ಹೊರಬಿದ್ದರೆ ನಿಧಿಯೂ ಹೋಯಿತು, ಮೇಲೆ ದಂಡ.

ಪಾಲು ದೊಡ್ಡದೋ ಚಿಕ್ಕದೋ ಎಂಬ ಚರ್ಚೆ ಬೇರೆ. ಈ ವ್ಯವಸ್ಥೆಯ ಕೀಲು ನಿವೇದನೆಯಲ್ಲಿದೆ, ಅಂದರೆ ಕಂಡದ್ದನ್ನು ಬಂದು ಹೇಳುವುದರಲ್ಲಿ. ಹೇಳಿದವನು ಬರಿಗೈಯಲ್ಲಿ ಹೋಗಬಾರದು, ಹೇಳದವನು ಉಳಿಸಿಕೊಳ್ಳಬಾರದು. 1878ರ ಭಾರತೀಯ ನಿಧಿ ಕಾಯ್ದೆಯ ಎಲುಬೂ ಇದೇ. ಆಗ ಕಲ್ಯಾಣ ನಿಜಾಮನ ಸೀಮೆಯಾದುದರಿಂದ ಬ್ರಿಟಿಷ್ ಭಾರತದ ಆ ಕಾಯ್ದೆ ಇಲ್ಲಿಗೆ ಮುಟ್ಟಲಿಲ್ಲವೆಂಬುದು ಬೇರೆ ಮಾತು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು; ಒಡೆಯರಾರೂ ಬಾರದಿದ್ದು ಬೇರೆ ಒಪ್ಪಂದವೂ ಇಲ್ಲದಿದ್ದರೆ ಕಂಡವನಿಗೆ ನಾಲ್ಕರಲ್ಲಿ ಮೂರು ಪಾಲು, ನೆಲದೊಡೆಯನಿಗೆ ಒಂದು ಪಾಲು; ತಿಳಿಸದಿದ್ದರೆ ಒಂದು ವರ್ಷದವರೆಗೆ ಸೆರೆ ಅಥವಾ ದಂಡ. ಕರ್ನಾಟಕವು 1962ರಲ್ಲಿ ತನ್ನದೇ ನಿಧಿ ಕಾಯ್ದೆಯನ್ನು ಮಾಡಿಕೊಂಡಿತು. ಸಿಕ್ಕುದನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ತಿರುಳು ಅಲ್ಲಿಯೂ ಅದೇ. ಇದರ ಮೇಲೆ 1972ರ ಪುರಾವಸ್ತು ಕಾಯ್ದೆ ಬೇರೆ ಇದೆ: ನೂರು ವರ್ಷ ಮೀರಿದ ನಾಣ್ಯ ಪುರಾವಸ್ತು, ಅದನ್ನು ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ.

ಹೀಗೆ ಕಾನೂನಿಗೆ ಕೊರತೆಯಿಲ್ಲ. ಆದರೂ ನಾಣ್ಯ ಮೂಸೆಗೇ ಹೋಗುತ್ತಿದೆ. ಇದಕ್ಕೆ ರೈತನ ದುರಾಸೆಯೇ ಕಾರಣವೆಂದು ಹೇಳುವುದು ಸುಲಭ, ನಾನು ಒಪ್ಪುವುದಿಲ್ಲ. 1878ರ ಕಾಯ್ದೆಯ ಒಂದು ಕಲಮನ್ನು ನೋಡಿ. ಸರ್ಕಾರ ನಿಧಿಯನ್ನು ತಾನೇ ಇಟ್ಟುಕೊಳ್ಳುವುದಾದರೆ ಕೊಡಬೇಕಾದ ಬೆಲೆಯೆಷ್ಟು? ವಸ್ತುವಿನ ಲೋಹದ ಬೆಲೆ, ಅದರ ಮೇಲೆ ಐದರಲ್ಲಿ ಒಂದು ಭಾಗ. ಅಂದರೆ ಚರಿತ್ರೆಯನ್ನು ಕಾಯಬೇಕಾದ ಕಾನೂನೇ ಅಕ್ಕಸಾಲಿಗನ ತಕ್ಕಡಿಯನ್ನು ಎರವಲು ತಂದು ನಾಣ್ಯವನ್ನು ತೂಗಿತು. ಆ ತಕ್ಕಡಿಯಲ್ಲಿ ಚಾಲುಕ್ಯರ ಗದ್ಯಾಣ ಇಷ್ಟು ಗ್ರಾಂ ಚಿನ್ನ, ಅಷ್ಟೆ. ಬಹಮನಿಗಳ ತಾಮ್ರದ ಕಾಸಿಗಾದರೋ ಬೆಲೆಯೇ ಇಲ್ಲ. ಹತ್ತು ರೂಪಾಯಿಯ ಮಿತಿಯೊಳಗಾದರೆ ಅದನ್ನು ತಿಳಿಸಬೇಕಾದ ಕಟ್ಟಳೆಯೇ ಇಲ್ಲ. ಸಾಮಾನ್ಯ ಜನ ಸಂತೆಯಲ್ಲಿ ಕೊಟ್ಟು ತಂದ ನಾಣ್ಯ, ಯಾವ ಊರಿನಲ್ಲಿ ಎಂದಿನವರೆಗೆ ವ್ಯಾಪಾರ ನಡೆಯಿತೆಂದು ಹೇಳಬಲ್ಲ ನಾಣ್ಯ, ಕಾನೂನಿನ ಕಣ್ಣಿಗೆ ಬೀಳದೆ ಮಕ್ಕಳ ಆಟಿಕೆಯಾಗಿ ಕಳೆದುಹೋಗುತ್ತದೆ.

ಎರಡನೆಯ ಕಾರಣ ಭಯ. ತೊಗರಿ ಹೊಲದಲ್ಲಿ ಟ್ರ್ಯಾಕ್ಟರಿನ ನೇಗಿಲಿಗೆ ಗಡಿಗೆಯೊಂದು ತಾಗಿ ಒಡೆಯಿತೆನ್ನಿ. ಆ ರೈತನು ತಹಸೀಲ್ದಾರರ ಕಚೇರಿಗೆ ಹೋಗಿ ಹೇಳಿದರೆ ಮೊದಲು ಬರುವ ಪ್ರಶ್ನೆ, ಉಳಿದದ್ದನ್ನು ಎಲ್ಲಿಟ್ಟಿದ್ದೀ ಎಂಬುದು. ಪೊಲೀಸರು ಬರುತ್ತಾರೆ, ಪಂಚನಾಮೆಯಾಗುತ್ತದೆ, ಊರೆಲ್ಲ ಬಂದು ಹೊಲ ತುಳಿಯುತ್ತದೆ. ಬಿತ್ತನೆ ಕೆಡುತ್ತದೆ. ತನಗೆ ಬರುವ ಪಾಲು ಎಷ್ಟು, ಯಾವಾಗ ಬರುತ್ತದೆಂದು ಯಾರೂ ಹೇಳುವುದಿಲ್ಲ. ಸಂಜೆ ಸರಾಫನ ಬಳಿ ಹೋದರೆ ಒಂದೂ ಪ್ರಶ್ನೆಯಿಲ್ಲ, ಕೈಗೆ ಹಣ. ಈ ಎರಡು ದಾರಿಗಳನ್ನು ಎದುರಿಗಿಟ್ಟು, ಪ್ರಾಮಾಣಿಕನಾಗು ಎಂದು ರೈತನಿಗೆ ಉಪದೇಶಿಸುವುದು ನಮ್ಮಂಥ ಪುಸ್ತಕದ ಹುಳುಗಳಿಗೆ ಮಾತ್ರ ಸಾಧ್ಯ.

ಇಂಗ್ಲೆಂಡಿನವರು ಈ ಸಮಸ್ಯೆಗೆ ಕಂಡುಕೊಂಡ ಪರಿಹಾರವನ್ನು ಇಲ್ಲಿ ಪ್ರಸ್ತಾಪಿಸಬೇಕು. ಅಲ್ಲಿ 1996ರ ನಿಧಿ ಕಾಯ್ದೆ ಜಾರಿಗೆ ಬಂದ 1997ರಲ್ಲಿಯೇ ಬಿಡಿ ಪುರಾವಸ್ತುಗಳನ್ನು ದಾಖಲಿಸುವ ಯೋಜನೆಯೊಂದು ಆರಂಭವಾಯಿತು. ಪ್ರತಿ ಪ್ರಾಂತಕ್ಕೂ ಒಬ್ಬ ಅಧಿಕಾರಿ. ಹೊಲದಲ್ಲಿ ಗುಂಡಿ ಸಿಗಲಿ, ಕಾಸು ಸಿಗಲಿ, ಕಂಡವರು ತಂದು ತೋರಿಸುತ್ತಾರೆ; ಅಧಿಕಾರಿ ಚಿತ್ರ ತೆಗೆದು, ಸಿಕ್ಕ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ನಿಧಿಯ ವ್ಯಾಖ್ಯೆಗೆ ಸೇರದ ವಸ್ತುವನ್ನು ಹಿಂದಿರುಗಿಸುತ್ತಾನೆ. ಹೀಗೆ ದಾಖಲಾದ ವಸ್ತುಗಳು ಹತ್ತು ಲಕ್ಷವನ್ನು ಮೀರಿವೆ. 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಲೋಹಶೋಧಕದಿಂದಲೇ ಸಿಕ್ಕ ಆಂಗ್ಲೋ-ಸ್ಯಾಕ್ಸನ್ ಚಿನ್ನದ ರಾಶಿ ವಸ್ತುಸಂಗ್ರಹಾಲಯ ಸೇರಿತು. ಕಂಡವನಿಗೂ ಹೊಲದೊಡೆಯನಿಗೂ ಮಾರುಕಟ್ಟೆಯ ಬೆಲೆಯೇ ದೊರೆಯಿತು.

ಹಾಗಾದರೆ ನಾವೂ ಲೋಹಶೋಧಕಕ್ಕೆ ಪರವಾನಗಿ ಕೊಟ್ಟುಬಿಡೋಣವೇ? ಕೂಡದು. ಅಲ್ಲಿಯ ಹವ್ಯಾಸಿಗಳು ಹೆಚ್ಚಾಗಿ ಹುಡುಕುವುದು ಊರಿಂದ ದೂರದ ಉತ್ತ ಹೊಲಗಳಲ್ಲಿ. ನಮ್ಮಲ್ಲಿ ನಿಧಿಯ ಕಲ್ಪನೆ ಗುಡಿಗೆ, ಬಸದಿಗೆ, ಗದ್ದಿಗೆಗೆ, ದರ್ಗಾಕ್ಕೆ, ಕೋಟೆಗೆ ಅಂಟಿಕೊಂಡಿದೆ. ಕಲ್ಯಾಣದಲ್ಲಿ ಹಳೆಯ ನಗರವೂ ಇಂದಿನ ಊರೂ ಒಂದರ ಮೇಲೊಂದು ಇವೆ. ಕೋಟೆ, ತ್ರಿಪುರಾಂತ ಕೆರೆ, ನಾರಾಯಣಪುರದ ಗುಡಿ, ಶರಣರ ಹೆಸರಿನ ಗವಿಗಳು ಎಲ್ಲವೂ ಕಾಲ್ನಡಿಗೆಯ ಅಥವಾ ಸೈಕಲ್ಲಿನ ಅಂತರದಲ್ಲಿವೆ. ಇಲ್ಲಿ ಖಾಸಗಿ ಕೈಗೆ ಯಂತ್ರ ಕೊಟ್ಟರೆ ಅದು ಹೋಗುವುದು ಪೀಠದ ಕೆಳಗೇ. ಸಂರಕ್ಷಿತ ಸ್ಮಾರಕಗಳ ಸುತ್ತ ನೂರು ಮೀಟರ್ ನಿಷೇಧವಿದ್ದರೂ ಸಂರಕ್ಷಣೆಯ ಪಟ್ಟಿಯಲ್ಲಿಲ್ಲದ ಗುಡಿಬಸದಿಗಳೇ ನಮ್ಮಲ್ಲಿ ಹೆಚ್ಚು. ಆದುದರಿಂದ ಪುರಾತತ್ವ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ನಿಧಿ ಹುಡುಕಲು ಲೋಹಶೋಧಕ ಬಳಸುವುದನ್ನೇ ಅಪರಾಧವೆಂದು ಸ್ಪಷ್ಟವಾಗಿ ಸಾರಬೇಕು. ಇಂಗ್ಲೆಂಡಿನಿಂದ ನಾವು ತೆಗೆದುಕೊಳ್ಳಬೇಕಾದದ್ದು ಆ ದಾಖಲಿಸುವ ಅಧಿಕಾರಿಯನ್ನು. ಹವ್ಯಾಸವನ್ನು ಅವರಲ್ಲಿಯೇ ಬಿಡೋಣ.

ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಅಮೆರಿಕದ ಲಿಟಲ್ ಬಿಗ್‌ಹಾರ್ನ್ ರಣರಂಗದಲ್ಲಿ 1984ರಲ್ಲಿ ಪುರಾತತ್ವಜ್ಞರು ಲೋಹಶೋಧಕಗಳನ್ನು ಸಾಲುಹಿಡಿದು ನಡೆಸಿ, ಸಿಕ್ಕ ಪ್ರತಿಯೊಂದು ಗುಂಡು ತೋಟಾಗಳ ಜಾಗವನ್ನು ಗುರುತಿಸಿ, 1876ರ ಆ ಯುದ್ಧ ಹೇಗೆ ನಡೆಯಿತೆಂಬ ತಿಳಿವಳಿಕೆಯನ್ನೇ ತಿದ್ದಿದರು. 1657ರ ಕಲ್ಯಾಣಿ ಮುತ್ತಿಗೆಯ ಕಥೆ ನಮಗೆ ಮೊಗಲರ ಕಡೆಯ ಬರಹಗಳಿಂದಲೇ ಹೆಚ್ಚಾಗಿ ಗೊತ್ತು. ಕೋಟೆಯ ಹೊರವಲಯ ಪೂರ್ತಿ ಮನೆಗಳಾಗುವ ಮುನ್ನ ಯಾವುದಾದರೂ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗ ಇಲಾಖೆಯೊಡನೆ ಸೇರಿ ಅಲ್ಲಿ ಇಂಥ ಶೋಧ ನಡೆಸಿದರೆ, ತೋಪುಗಳು ಎಲ್ಲಿ ನಿಂತಿದ್ದವು, ಒಳಗಿನವರು ಎಲ್ಲಿಂದ ಉತ್ತರ ಕೊಟ್ಟರೆಂಬುದು ಸೀಸದ ಗುಂಡುಗಳಿಂದಲೇ ತಿಳಿದೀತು. ಅದಕ್ಕೆ ಚಿನ್ನದ ಆಸೆಯಿಲ್ಲದ ಕೈ ಬೇಕು.

ಅಚಾನಕ್ ಶೋಧಗಳನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಈ ಪ್ರಾಂತವೇ ಸಾಕ್ಷಿ. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಲೋಕಕ್ಕೆ ತಿಳಿಸಿದವನು ಚಿನ್ನದ ಗಣಿಗಾಗಿ ಅಲೆಯುತ್ತಿದ್ದ ಬೀಡನ್ ಎಂಬ ಎಂಜಿನಿಯರ್. ಅವನು ಹುಡುಕಿದ್ದು ಚಿನ್ನ, ಕಂಡದ್ದು ಅಕ್ಷರ. ಕಂಡದ್ದನ್ನು ಬಲ್ಲವರಿಗೆ ತಿಳಿಸಿದನು. ಅಶೋಕನೆಂಬ ಹೆಸರೇ ಸ್ಪಷ್ಟವಾಗಿ ಇರುವ ಶಾಸನ ಅದು. ಸನ್ನತಿಯಲ್ಲಿ ಗುಡಿಯ ಚಾವಣಿ ಕುಸಿದು, ಪೀಠದ ಕಲ್ಲಾಗಿ ಬಳಕೆಯಾಗಿದ್ದ ಅಶೋಕನ ಇನ್ನೊಂದು ಶಾಸನ ಬೆಳಕಿಗೆ ಬಂತು. ಎರಡೂ ಕಡೆ ಅದೃಷ್ಟ ಒದಗಿತು, ನಿಜ. ಆದರೆ ಅದೃಷ್ಟದ ಮುಂದಿನ ಹೆಜ್ಜೆ, ತಿಳಿಸುವ ಹೆಜ್ಜೆ, ತಪ್ಪಿದ್ದರೆ ಎರಡೂ ಇಂದು ನಮ್ಮ ಪಾಠ್ಯಪುಸ್ತಕಗಳಲ್ಲಿರುತ್ತಿರಲಿಲ್ಲ.

ಚಿನ್ನಕ್ಕಿಂತ ಅಕ್ಷರ ಬಾಳಿಕೆಯುಳ್ಳದ್ದೆಂಬುದನ್ನು ಜೈನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಅತ್ತಿಮಬ್ಬೆ ಹೊನ್ನು ಮಣಿಗಳ 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನೂ ಬರೆಸಿದಳು. ಹೊನ್ನಿನ ಬಿಂಬಗಳಿದ್ದುವೆಂದು ನಾವು ಇಂದು ಬಲ್ಲೆವಾದರೆ ರನ್ನನ ಕಾವ್ಯದಿಂದ ಮತ್ತು ಲಕ್ಕುಂಡಿಯ ಶಾಸನದಿಂದ.

ಹೀಗಿರುವಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನೂ ಅಲ್ಲ. ಬಸವಕಲ್ಯಾಣದ ಕೋಟೆಯಲ್ಲಿ ವಸ್ತುಸಂಗ್ರಹಾಲಯವಿದೆ. ಹತ್ತು ಹನ್ನೊಂದನೆಯ ಶತಮಾನಗಳ ಶಿಲ್ಪಗಳು ಅಲ್ಲಿವೆ. ಅಲ್ಲಿಯೇ ಒಂದು ದಾಖಲೆ ಪುಸ್ತಕ ತೆರೆಯಬಹುದು. ಹುಮನಾಬಾದಿನಲ್ಲಿ ತಹಸೀಲ್ದಾರರ ಕಚೇರಿಯ ಬದಲು ಸರ್ಕಾರಿ ಕಾಲೇಜಿನ ಇತಿಹಾಸ ವಿಭಾಗದಲ್ಲಿ ಇನ್ನೊಂದು. ಕಾಲೇಜಿಗೆ ಹೋಗಲು ರೈತ ಅಂಜುವುದಿಲ್ಲ, ಅವನ ಮಗಳೋ ಮಗನೋ ಅಲ್ಲಿ ಓದುತ್ತಿರುತ್ತಾರೆ. ನಾಣ್ಯ ತಂದವರ ಎದುರಿನಲ್ಲಿಯೇ ತೂಗಿ, ಎರಡೂ ಮುಖಗಳ ಚಿತ್ರ ತೆಗೆದು, ಸರ್ವೆ ನಂಬರ್ ಬರೆದು, ಸಹಿ ಮಾಡಿದ ಚೀಟಿ ಕೊಡಬೇಕು. ಬಿಡಿ ತಾಮ್ರದ ಕಾಸಾದರೆ ಅದನ್ನು ಅವರಿಗೇ ಹಿಂದಿರುಗಿಸುವ ಅಧಿಕಾರವನ್ನು ಕಾನೂನು ಸ್ಪಷ್ಟವಾಗಿ ಕೊಡಬೇಕು. ಗಡಿಗೆ ತುಂಬ ಸಿಕ್ಕರೆ ಸರ್ಕಾರ ಇಟ್ಟುಕೊಳ್ಳಲಿ; ಆದರೆ ಬೆಲೆಯನ್ನು ನಾಣ್ಯಶಾಸ್ತ್ರಜ್ಞರು ಕಟ್ಟಬೇಕು, ಲೋಹದ ದರದ ಪಟ್ಟಿ ನೋಡಿ ಕಟ್ಟಬಾರದು, ಮತ್ತು ಹಣ ಕೊಡುವುದಕ್ಕೆ ಗಡುವಿರಬೇಕು. ಒಡೆತನದ ವ್ಯಾಜ್ಯ ಎಷ್ಟು ದಿನ ನಡೆದರೂ ದಾಖಲೆ ಮೊದಲ ದಿನವೇ ಆಗಿಬಿಟ್ಟಿರುತ್ತದೆ.

ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಶಾಸನಶಾಸ್ತ್ರದ ಪತ್ರಿಕೆಯಲ್ಲಿ ಲಿಪಿ ಓದಲು ಕಲಿಯುತ್ತೇವೆ; ನಾಣ್ಯದ ಮೇಲಿನ ಎರಡು ಮೂರು ಅಕ್ಷರ ಓದಲು ಕಲಿಸುವುದಿಲ್ಲ. ಬೀದರ್ ಜಿಲ್ಲೆಯಲ್ಲಂತೂ ಹಳಗನ್ನಡ ಲಿಪಿಯ ಜತೆಗೆ ಬಹಮನಿ ನಾಣ್ಯಗಳ ಅರಬ್ಬಿ ಲಿಪಿಯನ್ನೂ ಬಿಡಿಸಬಲ್ಲವರು ಬೇಕು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಕಲಿತ ಮಕ್ಕಳು ಅಲ್ಲಿ ಇದ್ದಾರೆ. ಅವರಿಗಿಂತ ತಕ್ಕವರು ಬೆಂಗಳೂರಿನಲ್ಲಿ ಸಿಗುವುದಿಲ್ಲ. ಶಾಸನದಲ್ಲಿ ನಿಧಿಯ ಗುಟ್ಟಿಲ್ಲವೆಂದು ಊರವರಿಗೆ ಹೇಳಿ ಬರುವುದು ಸಾಲದು. ಅಚ್ಚು ತೆಗೆದ ಸಂಜೆ ಗುಡಿಯ ಕಟ್ಟೆಯ ಮೇಲೆ ಕುಳಿತು, ಅದರಲ್ಲಿ ಏನಿದೆಯೆಂದು ಅವರ ಮಾತಿನಲ್ಲಿಯೇ ಓದಿ ಹೇಳಬೇಕು: ನಿಮ್ಮ ಊರಿನ ಗಾಣದವರು ದೀಪಕ್ಕೆ ಎಣ್ಣೆ ಕೊಟ್ಟರು, ನಿಮ್ಮ ಸೆಟ್ಟಿಗಳು ಇಷ್ಟು ಹಾಗ ಬಿಟ್ಟರು ಎಂದು. ಹಾಗವೆಂದರೇನೆಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಯಾರಾದರೊಬ್ಬರು ಎದ್ದು ಹೋಗಿ ಮನೆಯ ದೇವರ ಪೆಟ್ಟಿಗೆಯಿಂದ ಏನನ್ನಾದರೂ ತಂದು ತೋರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಮುಂಗಾರಿನ ಮೊದಲ ಮಳೆಗೆ ಹಳೆಯ ನಿವೇಶನಗಳ ಮಣ್ಣು ತೊಳೆದು ಮಣಿ, ಕಾಸು ಮೇಲೆ ಬರುತ್ತವೆ. ದನ ಕಾಯುವ ಹುಡುಗರಿಗೆ ಇದು ಗೊತ್ತು. ದಾಖಲೆ ಪುಸ್ತಕವನ್ನು ತೆರೆಯುವುದಾದರೆ ಮೃಗಶಿರಾ ಮಳೆಗೆ ಮುನ್ನ ತೆರೆಯಬೇಕು.